ಗಿಟಾರ್ ತಂತಿ ಜರ್ರ್ ಅನ್ನುತ್ತಿದೆಯೇ? ಕೊಡಗಿನವರು ಫ್ರೆಟ್ ಬಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ನಾಪೋಕ್ಲು ಕಡೆ ಗಿಟಾರ್ ಕಲಿಯುವ ಮಕ್ಕಳು, ಅವರ ಅಪ್ಪ-ಅಮ್ಮ, ಮದುವೆ ಮನೆಗಳಲ್ಲಿ ನುಡಿಸುವ ಹುಡುಗರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಇವು. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಬಹುಪಾಲು ಚಳಿ ದೇಶಗಳ, ಹೀಟರ್ ಹಾಕಿದ ಒಣ ಮನೆಗಳವರಿಗಾಗಿ ಬರೆದವು. ನಮ್ಮ ಹವೆ ಬೇರೆ. ಅದಕ್ಕೇ ಇಲ್ಲಿಯ ಮಳೆ, ಇಲ್ಲಿಯ ಬಿಸಿಲು ನೋಡಿಕೊಂಡು ಬರೆದಿದ್ದೇನೆ. ಬೇರೆ ಹೇಳದಿದ್ದರೆ, ಎಲ್ಲವೂ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿಗೆ ಅನ್ವಯಿಸುತ್ತವೆ.

ಫ್ರೆಟ್ ಬಜ್ ಅಂದರೆ ಏನು?

ಫ್ರೆಟ್ ಅಂದರೆ ಗಿಟಾರಿನ ಕತ್ತಿನ (ನೆಕ್) ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಮೀಟಿದ ತಂತಿ ನಡುಗುತ್ತಾ ಮುಂದಿನ ಯಾವುದೋ ಫ್ರೆಟ್‌ಗೆ ತಾಗುತ್ತದೆ. ಆಗ ಸ್ವರದ ಜೊತೆ ಜರ್ರ್ ಅನ್ನುವ ಲೋಹದ ಸದ್ದು ಬರುತ್ತದೆ. ಅಷ್ಟೇ. ತಂತಿಗೂ ಫ್ರೆಟ್‌ಗೂ ನಡುವೆ ಬೇಕಾದಷ್ಟು ಜಾಗ ಇಲ್ಲ ಅಂತ ಅರ್ಥ. ಆ ಜಾಗ ಯಾಕೆ ಕಡಿಮೆಯಾಯಿತು ಅನ್ನುವುದೇ ಮುಖ್ಯ ಪ್ರಶ್ನೆ. ಕಾರಣ ಗೊತ್ತಾಗುವ ಮೊದಲೇ ಅರ ಹಿಡಿದು ಉಜ್ಜಲು ಕೂತರೆ ಗಿಟಾರ್ ಕೆಡುತ್ತದೆ.

ಮಳೆಗಾಲದಲ್ಲಿ ಚೆನ್ನಾಗಿಯೇ ಇತ್ತು. ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಯಾಕೆ ಬಜ್ ಶುರುವಾಯಿತು?

ಕೊಡಗಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಉತ್ತರ ಮರದಲ್ಲಿದೆ.

ಕಕ್ಕಡದ ಮಳೆಯಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ಮುಚ್ಚುತ್ತದೆ ಅಲ್ವಾ? ಗಿಟಾರಿನಲ್ಲೂ ಆಗುವುದು ಅದೇ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಮೇಲಿನ ಹಲಗೆ ನೀರು ಕುಡಿದು ಅಗಲವಾಗುತ್ತದೆ. ಪಕ್ಕಕ್ಕೆ ಹೋಗಲು ಜಾಗ ಇರುವುದಿಲ್ಲ, ಹಾಗಾಗಿ ಮೇಲಕ್ಕೆ ಉಬ್ಬುತ್ತದೆ. ಅದರ ಜೊತೆ ಬ್ರಿಡ್ಜ್ (ಹಲಗೆಗೆ ಅಂಟಿಸಿದ, ತಂತಿ ಸಿಕ್ಕಿಸುವ ಮರದ ತುಂಡು) ಏರುತ್ತದೆ, ಬ್ರಿಡ್ಜ್ ಜೊತೆ ತಂತಿಯೂ ಏರುತ್ತದೆ. ಒತ್ತಲು ಕಷ್ಟ, ಆದರೆ ಬಜ್ ಇರುವುದಿಲ್ಲ.

ಡಿಸೆಂಬರ್ ಮುಗಿದ ಮೇಲೆ ಎಲ್ಲವೂ ತಿರುಗುಮುರುಗು. ಕಣದಲ್ಲಿ ಕಾಫಿ ಒಣಗಿಸುವ ದಿನಗಳವು. ಹಲಗೆಯಿಂದ ತೇವ ಹೊರಟು ಅದು ಕುಗ್ಗುತ್ತದೆ, ಒಳಕ್ಕೆ ಇಳಿಯುತ್ತದೆ. ಬ್ರಿಡ್ಜ್ ಇಳಿಯುತ್ತದೆ, ತಂತಿ ಫ್ರೆಟ್‌ಗಳ ಹತ್ತಿರ ಬರುತ್ತದೆ. ಅಲ್ಲಿಂದ ಜರ್ರ್ ಶುರು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕೆಲವು ಗಿಟಾರುಗಳು ತಾವಾಗಿಯೇ ಸ್ವಲ್ಪ ಸುಧಾರಿಸಿಕೊಳ್ಳುವುದೂ ಇದರಿಂದಲೇ.

ಘನ ಮರದ ಮೇಲ್ಹಲಗೆ ಇರುವ ಗಿಟಾರುಗಳಲ್ಲಿ ಈ ಏರಿಳಿತ ಜಾಸ್ತಿ. ಪ್ಲೈವುಡ್ ಹಲಗೆಯ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಕಡಿಮೆ. ಈ ಒಂದು ವಿಷಯದಲ್ಲಿ ಅಗ್ಗದ ಗಿಟಾರೇ ನಮ್ಮ ಊರಿಗೆ ಗಟ್ಟಿ.

ಮಳೆಗಾಲದಲ್ಲಿ ತಂತಿ ತುಂಬಾ ಎತ್ತರವಾಗಿದೆ. ಸ್ಯಾಡಲ್ ಉಜ್ಜಿ ತಗ್ಗಿಸಲೇ?

ದಯವಿಟ್ಟು ಬೇಡ. ಸ್ಯಾಡಲ್ ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರಿನ ಯಾವ ಭಾಗವನ್ನೂ ಉಜ್ಜಿ ಕಡಿಮೆ ಮಾಡಬೇಡಿ. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ.

ಅಮ್ಮತ್ತಿ ಕಡೆಯಿಂದ ಒಬ್ಬ ಹುಡುಗಿ ಫೆಬ್ರವರಿಯಲ್ಲಿ ಗಿಟಾರ್ ತಂದಳು. 7ನೇ ಫ್ರೆಟ್ ದಾಟಿದರೆ ಆರೂ ತಂತಿ ಜರ್ರ್ ಅನ್ನುತ್ತಿದ್ದವು. ನೆಕ್ ಸರಿಯಾಗಿತ್ತು, ಫ್ರೆಟ್‌ಗಳು ಸಮವಾಗಿದ್ದವು. ಸ್ಯಾಡಲ್ ಕಳಚಿ ನೋಡಿದರೆ ತಳದಲ್ಲಿ ಸ್ಯಾಂಡ್ ಪೇಪರಿನ ಗೀರುಗಳು ಹಾಗೇ ಕಾಣುತ್ತಿದ್ದವು, ಒಂದು ಬದಿ ಇನ್ನೊಂದಕ್ಕಿಂತ ತೆಳ್ಳಗೆ. ಜುಲೈನಲ್ಲಿ ಮಗಳ ಬೆರಳು ನೋಯುತ್ತದೆ ಅಂತ ಅವಳಪ್ಪ ಉಜ್ಜಿ ಕೊಟ್ಟಿದ್ದರಂತೆ. ಆ ತಿಂಗಳಿಗೆ ಅದು ಸರಿಯಾಗಿಯೇ ಇತ್ತು. ಹಲಗೆ ಇಳಿದ ಮೇಲೆ ತಂತಿಗೆ ಜಾಗವೇ ಉಳಿಯಲಿಲ್ಲ. ಹೊಸ ಸ್ಯಾಡಲ್ ಹಾಕಿದ ಮೇಲೆ ಸದ್ದು ಹೋಯಿತು.

ಇದಕ್ಕೆ ಒಳ್ಳೆಯ ದಾರಿ ಎರಡು ಸ್ಯಾಡಲ್ ಇಟ್ಟುಕೊಳ್ಳುವುದು. ಗಿಟಾರ್ ಜೊತೆ ಬಂದ ಎತ್ತರದ್ದನ್ನು ಬೇಸಿಗೆಗೆ ಇಡಿ. ಇನ್ನೊಂದನ್ನು ಮಳೆಗಾಲಕ್ಕೆ ಅಂತ ಸ್ವಲ್ಪ ತಗ್ಗಿಸಿ ಮಾಡಿಸಿಕೊಳ್ಳಿ. ಉಜ್ಜುವುದೇನಿದ್ದರೂ ಆ ಎರಡನೆಯದನ್ನು. ತಳದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ತಂತಿ ಬದಲಿಸುವಾಗ ಸ್ಯಾಡಲ್ ಬದಲಿಸುವುದು ದೊಡ್ಡ ಕೆಲಸವೇ ಅಲ್ಲ.

ಸರಿ, ಈಗ ಬಜ್ ಇದೆ. ಮೊದಲು ಏನು ಮಾಡಬೇಕು?

ಟ್ಯೂನ್ ಮಾಡಿ. ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿದ್ದರೆ ತಂತಿ ಸಡಿಲವಾಗಿ ಜಾಸ್ತಿ ಅಗಲಕ್ಕೆ ನಡುಗುತ್ತದೆ, ಬಜ್ ಬರುವ ಸಾಧ್ಯತೆ ಜಾಸ್ತಿ. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಆಮೇಲೆ ತಂತಿ ನೋಡಿ. ನಮ್ಮ ಮಳೆಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಫ್ರೆಟ್‌ಗೆ ಉಜ್ಜಿ ಉಜ್ಜಿ ಕೆಳಗಡೆ ಸಣ್ಣ ಗುಳಿ ಬಿದ್ದಿರುತ್ತದೆ. ಅಂಥ ತಂತಿ ಸರಿಯಾಗಿ ನಡುಗುವುದಿಲ್ಲ. ತಂತಿಯ ಕೆಳಗೆ ಉಗುರು ಎಳೆದರೆ ಗುಳಿ ಗೊತ್ತಾಗುತ್ತದೆ. ಹೊಸ ತಂತಿ ಹಾಕಿ, ಒಂದು ದಿನ ಬಿಟ್ಟು ಮತ್ತೆ ಕೇಳಿ. ಹಳೇ ತಂತಿ ಇಟ್ಟುಕೊಂಡು ಮಾಡಿದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ.

ಬಜ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವುದು ಹೇಗೆ?

ಸದ್ದಿಲ್ಲದ ಕೋಣೆಯಲ್ಲಿ ಕೂತು, ಒಂದೊಂದೇ ತಂತಿಯನ್ನು ಒಂದೊಂದೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಅವಸರ ಬೇಡ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಎಲ್ಲಿ ಬಜ್ ಬಂತು ಅಂತ ಬರೆದುಕೊಳ್ಳಿ. ಕೊನೆಗೆ ಆ ಕಾಗದವೇ ನಿಮಗೆ ಕಾರಣ ಹೇಳುತ್ತದೆ.

ತಂತಿಯನ್ನು ಎಲ್ಲೂ ಒತ್ತದೆ, ಬರೀ ಮೀಟಿದಾಗ ಮಾತ್ರ ಬಜ್ ಇದ್ದರೆ ನಟ್ ಮೇಲೆ ಅನುಮಾನ ಪಡಿ. ನಟ್ ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿ ಕೂರುವ ಬಿಳಿ ಪಟ್ಟಿ. ಮೊದಲ ಫ್ರೆಟ್‌ಗೆ ಕ್ಯಾಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಮೀಟಿ. ಬಜ್ ಹೋಯಿತಾ? ಹಾಗಾದರೆ ನಟ್‌ನ ಗೀರು ಆಳವಾಗಿದೆ.

1ರಿಂದ 5ನೇ ಫ್ರೆಟ್‌ವರೆಗೆ ಬಜ್ ಇದ್ದು ಮೇಲೆ ಹೋದಂತೆ ಸರಿಯಾದರೆ, ನೆಕ್ ಜಾಸ್ತಿ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಕೆಳಗೆ ಸರಿ ಇದ್ದು 7, 8ನೇ ಫ್ರೆಟ್‌ನಿಂದ ಮೇಲೆ ಎಲ್ಲ ಕಡೆ ಬಜ್ ಇದ್ದರೆ, ಸ್ಯಾಡಲ್ ತಗ್ಗಿದೆ ಅಥವಾ ಮೇಲ್ಹಲಗೆ ಒಣಗಿ ಇಳಿದಿದೆ. ಒಂದೇ ಜಾಗದಲ್ಲಿ, ಉದಾಹರಣೆಗೆ 4ರಲ್ಲಿ ಒತ್ತಿದಾಗ ಮಾತ್ರ ಬಜ್, 5ರಲ್ಲಿ ಇಲ್ಲ ಅಂತಾದರೆ 5ನೇ ಫ್ರೆಟ್ ಎದ್ದಿದೆ. ತಪ್ಪು ಸಾಮಾನ್ಯವಾಗಿ ಬೆರಳಿಟ್ಟ ಫ್ರೆಟ್‌ನದ್ದಲ್ಲ, ಅದರ ಮುಂದಿನದ್ದು. ಇದನ್ನು ಬಹಳ ಜನ ಉಲ್ಟಾ ಹಿಡಿಯುತ್ತಾರೆ.

ಇನ್ನೊಂದು ವಿಚಿತ್ರ ಸದ್ದಿದೆ. ಬೆರಳಿಗೂ ನಟ್‌ಗೂ ನಡುವಿನ ತಂತಿ, ಅಂದರೆ ಬೆರಳಿನ ಹಿಂದಿನ ಭಾಗ ನಡುಗಿ ಬಜ್ ಬರುತ್ತದೆ. ಆ ಭಾಗವನ್ನು ಇನ್ನೊಂದು ಬೆರಳಿನಿಂದ ಸುಮ್ನೆ ಮುಟ್ಟಿ. ಸದ್ದು ನಿಂತರೆ ನೆಕ್ ಹಿಂದಕ್ಕೆ ಬಾಗಿರುವ ಸಾಧ್ಯತೆ ಜಾಸ್ತಿ.

ಎಲ್ಲವನ್ನೂ ನೋಡಿದೆ, ಫ್ರೆಟ್‌ಗಳದ್ದು ಏನೂ ತಪ್ಪಿಲ್ಲ. ಆದರೂ ಜರ್ರ್ ಅನ್ನುತ್ತದೆ.

ಹಾಗಾದರೆ ಅದು ಫ್ರೆಟ್ ಬಜ್ ಅಲ್ಲದೇ ಇರಬಹುದು. ಮೊದಲು ಕೋಣೆ ಬದಲಿಸಿ ನುಡಿಸಿ. ಕಿಟಕಿ ಗಾಜು, ಶೆಲ್ಫಿನ ಸ್ಟೀಲ್ ಲೋಟ ಒಂದೊಂದು ಸ್ವರಕ್ಕೆ ಸರಿಯಾಗಿ ನಡುಗುತ್ತವೆ.

ಆಮೇಲೆ ಗಿಟಾರಿನ ತಲೆಗೆ ಬನ್ನಿ. ಟ್ಯೂನಿಂಗ್ ಕೀಗಳ ಬುಡದಲ್ಲಿ ಆರು ಮೂಲೆಯ ಚಿಕ್ಕ ಲೋಹದ ಬಿಲ್ಲೆಗಳಿರುತ್ತವೆ. ಮರ ಒಣಗಿ ಕುಗ್ಗಿದಾಗ ಅವು ಸಡಿಲವಾಗುತ್ತವೆ. ಒಬ್ಬರು ಎರಡು ಅಂಗಡಿ ಸುತ್ತಿ, ಫ್ರೆಟ್ ಬದಲಿಸಬೇಕು ಅಂತ ಹೇಳಿಸಿಕೊಂಡು ಬಂದಿದ್ದರು. ಅವರು ಜಿ ಸ್ವರ ಮೀಟುತ್ತಿರುವಾಗ ನಾನು ಒಂದೊಂದೇ ಬಿಲ್ಲೆಯ ಮೇಲೆ ಬೆರಳಿಟ್ಟು ಒತ್ತುತ್ತಾ ಹೋದೆ. ನಾಲ್ಕನೇ ತಂತಿಯದ್ದನ್ನು ಒತ್ತಿದ ಕೂಡಲೇ ಸದ್ದು ನಿಂತಿತು. ಬೆರಳು ತೆಗೆದರೆ ಮತ್ತೆ ಜರ್ರ್. ಸ್ಪ್ಯಾನರ್‌ನಿಂದ ಸ್ವಲ್ಪ ಬಿಗಿ ಮಾಡಿದ್ದಷ್ಟೇ, ಕೆಲಸ ಮುಗಿಯಿತು.

ಹಾಗೆಯೇ ತಂತಿಯ ಕತ್ತರಿಸದ ತುದಿಗಳು, ಬೆಲ್ಟ್ ಸಿಕ್ಕಿಸುವ ಗುಂಡಿ, ಪಿಕಪ್ (ಗಿಟಾರಿನ ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನ) ಇದ್ದರೆ ಒಳಗಿನ ವೈರ್ ಮತ್ತು ಬ್ಯಾಟರಿ ಡಬ್ಬಿ, ಎದ್ದ ಪಿಕ್‌ಗಾರ್ಡ್, ಇವನ್ನೆಲ್ಲ ಒತ್ತಿ ಹಿಡಿದು ನೋಡಿ. ಸೌಂಡ್‌ಹೋಲ್ ಒಳಗೆ ಮೊಬೈಲ್ ಕ್ಯಾಮೆರಾ ತೂರಿಸಿ ಒಂದು ಫೋಟೋ ತೆಗೆಯಿರಿ. ತಂತಿಯ ಗುಂಡುಗಳು ಬ್ರಿಡ್ಜ್ ಹಲಗೆಗೆ ಸರಿಯಾಗಿ ಕೂತಿವೆಯೇ, ಒಳಗಿನ ಮರದ ಪಟ್ಟಿಗಳಲ್ಲಿ ಯಾವುದಾದರೂ ಬಿಟ್ಟುಕೊಂಡಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಒಂದು ಜಾಗದಲ್ಲಿ ಮಾತ್ರ ಪಟಪಟ ಅಂದರೆ ಪಟ್ಟಿ ಬಿಟ್ಟಿದೆ ಅಂತಲೇ ಲೆಕ್ಕ.

ನೆಕ್ ಎಷ್ಟು ಬಾಗಿರಬೇಕು? ಅಳೆಯುವುದು ಹೇಗೆ?

ನೆಕ್ ಪೂರ್ತಿ ನೆಟ್ಟಗಿರಬಾರದು. ತಂತಿ ನಡುಗಲು ಜಾಗ ಬೇಕು, ಅದಕ್ಕೆ ನಡುವೆ ಸ್ವಲ್ಪ ತಗ್ಗು ಇರಬೇಕು. ಇದಕ್ಕೆ ರಿಲೀಫ್ ಅನ್ನುತ್ತಾರೆ.

ಗಿಟಾರ್ ಟ್ಯೂನ್ ಆಗಿರಲಿ. ನುಡಿಸುವ ಹಾಗೆಯೇ ತೊಡೆ ಮೇಲೆ ಇಟ್ಟುಕೊಳ್ಳಿ. ಮೊದಲ ಫ್ರೆಟ್‌ಗೆ ಕ್ಯಾಪೋ ಹಾಕಿ. ಅತಿ ದಪ್ಪ ತಂತಿಯನ್ನು ನೆಕ್ ಪೆಟ್ಟಿಗೆಗೆ ಸೇರುವ ಜಾಗದಲ್ಲಿ, ಸಾಮಾನ್ಯವಾಗಿ 14ನೇ ಫ್ರೆಟ್‌ನಲ್ಲಿ, ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ಒಂದು ನೇರ ಸ್ಕೇಲು. 7ನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದಿ ಇದೆ ನೋಡಿ. 0.15ರಿಂದ 0.25 ಮಿ.ಮೀ. ಇದ್ದರೆ ಚೆನ್ನ.

ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ಇದ್ದರೆ ಅದರಲ್ಲೇ ಅಳೆಯಿರಿ. ಬೈಕ್ ಗ್ಯಾರೇಜಿನವರ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಇಲ್ಲದಿದ್ದರೆ ಜೆರಾಕ್ಸ್ ಪೇಪರ್ ಸಾಕು. ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಎರಡು ಹಾಳೆ ಸಲೀಸಾಗಿ ತೂರಿ, ಮೂರನೆಯದು ತಂತಿಯನ್ನು ಎತ್ತಿದರೆ ನಿಮ್ಮ ನೆಕ್ ಸರಿಯಾಗಿದೆ. ಒಂದು ಹಾಳೆಯೂ ತೂರದಿದ್ದರೆ ಬಜ್‌ಗೆ ಕಾರಣ ಸಿಕ್ಕಿತು.

ಟ್ರಸ್ ರಾಡ್ ತಿರುಗಿಸಲು ಭಯ. ನೆಕ್ ಮುರಿದು ಹೋಗುತ್ತದಾ?

ನಿಧಾನಕ್ಕೆ ಮಾಡಿದರೆ ಹಾಗೇನೂ ಆಗುವುದಿಲ್ಲ. ಟ್ರಸ್ ರಾಡ್ ಇರುವುದೇ ತಿರುಗಿಸಲಿಕ್ಕೆ. ಆರು ತಂತಿಗಳು ಸೇರಿ ಸುಮಾರು 70 ಕಿಲೋದಷ್ಟು ಬಲದಲ್ಲಿ ನೆಕ್ ಅನ್ನು ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ನಿಲ್ಲುವ, ನೆಕ್ ಒಳಗಿನ ಕಬ್ಬಿಣದ ಸರಳು ಅದು.

ಅದರ ತುದಿ ಸೌಂಡ್‌ಹೋಲ್ ಒಳಗೆ ಇರುತ್ತದೆ, ಇಲ್ಲವೇ ತಲೆಯ ಮೇಲೆ ಒಂದು ಸಣ್ಣ ಮುಚ್ಚಳದ ಕೆಳಗೆ. ಸಾಮಾನ್ಯವಾಗಿ 4 ಅಥವಾ 5 ಮಿ.ಮೀ. ಅಲನ್ ಕೀ ಹಿಡಿಸುತ್ತದೆ. ಕೀ ಸರಿಯಾಗಿ ಕೂರಬೇಕು. ಸಡಿಲವಾಗಿ ಕೂತರೆ ಮೂಲೆಗಳು ಸವೆದು ಹೋಗುತ್ತವೆ, ಆಮೇಲೆ ಕಷ್ಟ. ಕೀ ಹಾಕುವ ಬದಿಯಿಂದ ನೋಡುವಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ. ಎದುರು ದಿಕ್ಕಿಗೆ ತಿರುಗಿಸಿದರೆ ಸಡಿಲವಾಗಿ ನಡುವೆ ತಗ್ಗು ಜಾಸ್ತಿಯಾಗುತ್ತದೆ. ಕೆಳಗಿನ ಫ್ರೆಟ್‌ಗಳಲ್ಲಿ ಬಜ್ ಇದ್ದವರಿಗೆ ಬೇಕಾದದ್ದು ಈ ಎರಡನೆಯದು.

ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಮತ್ತೆ ಟ್ಯೂನ್ ಮಾಡಿ, ಅಳೆದು, ಒಂದು ದಿನ ಬಿಡಿ. ಮರ ತಾನು ಹೊಂದಿಕೊಳ್ಳಲು ಸಮಯ ಕೇಳುತ್ತದೆ. ಕೀ ಬಲವಾಗಿ ಅಡ್ಡಿ ಮಾಡಿದರೆ ಅಲ್ಲಿಗೇ ನಿಲ್ಲಿಸಿ.

ಒಂದು ಎಚ್ಚರಿಕೆ: ಮೇಲಿನ ಫ್ರೆಟ್‌ಗಳ ಬಜ್‌ಗೆ ಟ್ರಸ್ ರಾಡ್ ಮದ್ದಲ್ಲ. ಒಣಗಿ ಇಳಿದ ಹಲಗೆಯನ್ನು ನೆಕ್ ಬಗ್ಗಿಸಿ ಸರಿ ಮಾಡಲು ಹೋದರೆ ಮಳೆಗಾಲ ಬಂದಾಗ ಎರಡೂ ಕೆಟ್ಟಿರುತ್ತವೆ.

ತಂತಿ ಎಷ್ಟು ಎತ್ತರ ಇರಬೇಕು?

12ನೇ ಫ್ರೆಟ್‌ನ ಮೇಲೆ, ಫ್ರೆಟ್‌ನ ತುದಿಯಿಂದ ತಂತಿಯ ತಳದವರೆಗೆ ಅಳೆಯಬೇಕು. ದಪ್ಪ ಇ ತಂತಿಗೆ ಸುಮಾರು 2.4 ಮಿ.ಮೀ., ತೆಳು ಇ ತಂತಿಗೆ ಸುಮಾರು 1.8 ಮಿ.ಮೀ. ಜೋರಾಗಿ ಸ್ಟ್ರಮ್ ಮಾಡುವವರಿಗೆ ಇದಕ್ಕಿಂತ ಸ್ವಲ್ಪ ಎತ್ತರ ಬೇಕಾಗಬಹುದು.

ಸ್ಕೇಲ್ ಇಲ್ಲದಿದ್ದರೆ ಎಟಿಎಂ ಕಾರ್ಡ್ ತೆಗೆದುಕೊಳ್ಳಿ. ಎಲ್ಲ ಕಾರ್ಡುಗಳೂ 0.76 ಮಿ.ಮೀ. ದಪ್ಪಕ್ಕೇ ಮಾಡಿರುತ್ತವೆ. ಮೂರು ಕಾರ್ಡ್ ಒಟ್ಟಿಗೆ ಹಿಡಿದರೆ ಸುಮಾರು 2.3 ಮಿ.ಮೀ. ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್ ತಾಗದೆ ಹೋಗಬೇಕು. ತೆಳು ತಂತಿಯ ಕೆಳಗೆ ಎರಡು ಕಾರ್ಡ್ ಹೋಗಿ ಸ್ವಲ್ಪ ಜಾಗ ಉಳಿಯಬೇಕು. ಅಕ್ಷರ ಉಬ್ಬಿದ ಭಾಗ ನಡುವೆ ಬರದ ಹಾಗೆ ಹಿಡಿಯಿರಿ.

ಈ ಅಳತೆಯನ್ನು ವರ್ಷಕ್ಕೆ ಎರಡು ಸಲ, ಆಗಸ್ಟ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಬರೆದಿಡಿ. ನಿಮ್ಮ ಗಿಟಾರ್ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನುವುದು ಆಗ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸ್ಯಾಡಲ್ ತಗ್ಗಿದೆ ಅಂತ ಖಾತ್ರಿಯಾಯಿತು. ಮನೆಯಲ್ಲೇ ಎತ್ತರಿಸಬಹುದಾ?

ಬಹುದು. ತಂತಿ ಸಡಿಲಿಸಿ, ಸ್ಯಾಡಲ್ ಕಳಚಿ, ಅದು ಕೂರುವ ಗಾಡಿಯೊಳಗೆ (ಮರದಲ್ಲಿ ಕೊರೆದ ಸಣ್ಣ ತೋಡಿನೊಳಗೆ) ತೆಳು ಪಟ್ಟಿ ಇಟ್ಟು ಮತ್ತೆ ಕೂರಿಸಿ. ಅಂಟು ಹಾಕಬೇಡಿ. ಲೆಕ್ಕ ಸುಲಭ: ಸ್ಯಾಡಲ್ ಎಷ್ಟು ಏರುತ್ತದೋ ಅದರ ಅರ್ಧದಷ್ಟು 12ನೇ ಫ್ರೆಟ್‌ನಲ್ಲಿ ಏರುತ್ತದೆ. ಹಳೇ ಕಾರ್ಡಿನ ಒಂದು ಪಟ್ಟಿ ಇಟ್ಟರೆ ಅಲ್ಲಿ ಸುಮಾರು 0.38 ಮಿ.ಮೀ. ಸಿಗುತ್ತದೆ. ಪಟ್ಟಿ ಗಾಡಿಯ ಉದ್ದಕ್ಕೂ ಸಮವಾಗಿರಬೇಕು. ಸ್ಯಾಡಲ್‌ನ ಅರ್ಧದಷ್ಟಾದರೂ ಗಾಡಿಯೊಳಗೆ ಇರಬೇಕು, ಇಲ್ಲದಿದ್ದರೆ ವಾಲುತ್ತದೆ.

ಇದು ತಾತ್ಕಾಲಿಕ. ಗಟ್ಟಿಯಾದ ಪರಿಹಾರ ಅಂದರೆ ಸರಿಯಾದ ಎತ್ತರದ ಹೊಸ ಸ್ಯಾಡಲ್. ಮೂಳೆಯದ್ದು ಸಿಕ್ಕರೆ ಅದನ್ನೇ ಹಾಕಿಸಿ, ಸದ್ದೂ ಚೆನ್ನಾಗಿರುತ್ತದೆ. ಸ್ಯಾಡಲ್ ಕೆಳಗೆ ಪಿಕಪ್ ಇದ್ದರೆ ಪಟ್ಟಿ ಇಡಬೇಡಿ. ಒಂದು ತಂತಿ ಜೋರು, ಇನ್ನೊಂದು ಮೆಲ್ಲಗೆ ಕೇಳಲು ಶುರುವಾಗುತ್ತದೆ.

ನಟ್‌ನ ಗೀರು ಆಳವಾಗಿದ್ದರೆ?

3ನೇ ಫ್ರೆಟ್‌ನಲ್ಲಿ ತಂತಿ ಒತ್ತಿ, 1ನೇ ಫ್ರೆಟ್‌ನ ಮೇಲೆ ನೋಡಿ. ಕೂದಲಿನಷ್ಟು ಸಂದಿ ಇರಬೇಕು. ತಂತಿ ಫ್ರೆಟ್ ಮೇಲೆಯೇ ಕೂತಿದ್ದರೆ ಗೀರು ಜಾಸ್ತಿ ಆಳವಾಗಿದೆ. ಪರೀಕ್ಷೆಗೆ ಗೀರಿನೊಳಗೆ ಸಣ್ಣ ಕಾಗದದ ಚೂರು ಇಟ್ಟು ಮೀಟಿ. ಬಜ್ ಹೋದರೆ ಅನುಮಾನ ನಿಜ.

ಗೀರಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಅದರ ಮೇಲೆ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆ ಹೊತ್ತಿಗೆ ಹೊಗೆ ಏಳುತ್ತದೆ, ಮುಖ ದೂರ ಇಡಿ, ಕಿಟಕಿ ತೆಗೆದಿರಲಿ. ನಟ್‌ನ ಸುತ್ತ ಮೊದಲೇ ಟೇಪ್ ಅಂಟಿಸಿ, ಪಾಲಿಶ್ ಮೇಲೆ ಗ್ಲೂ ಬಿದ್ದರೆ ಕಲೆ ಹೋಗುವುದಿಲ್ಲ. ಗಟ್ಟಿಯಾದ ಮೇಲೆ ಸಣ್ಣ ಅರದಿಂದ ಹೊಸ ಗೀರು ಮಾಡಬೇಕು, ತಲೆಯ ಕಡೆಗೆ ಸ್ವಲ್ಪ ಇಳಿಜಾರಾಗಿ. ಈ ದುರಸ್ತಿ ಕೆಲವು ತಿಂಗಳು ಚೆನ್ನಾಗಿ ಬರುತ್ತದೆ. ಹೊಸ ನಟ್ ಹಾಕಿಸುವುದು ಇದಕ್ಕಿಂತ ಮೇಲು.

ಒಂದೇ ಫ್ರೆಟ್ ಎದ್ದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮತ್ತೆ ಎಟಿಎಂ ಕಾರ್ಡ್. ಅದರ ನೇರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ ಅಲ್ಲಾಡಿಸಿ. ತೂಗಾಡಿದರೆ ನಡುವಿನದ್ದು ಎದ್ದಿದೆ. ಮೊದಲ ಮೂರು-ನಾಲ್ಕು ಫ್ರೆಟ್‌ಗಳಿಗೆ ಕಾರ್ಡಿನ ಉದ್ದ ಬದಿ, ಆಚೆಗೆ ಫ್ರೆಟ್‌ಗಳು ಹತ್ತಿರವಾದಂತೆ ಚಿಕ್ಕ ಬದಿ ಸರಿಹೊಂದುತ್ತದೆ.

ಎದ್ದ ಫ್ರೆಟ್ ಸಡಿಲವಾಗಿದೆಯೇ ನೋಡಿ. ಒಂದು ಮರದ ಕಡ್ಡಿಯಿಂದ ಅದರ ತುದಿಯನ್ನು ಒತ್ತಿ ಹಿಡಿದು ತಂತಿ ಮೀಟಿ. ಬಜ್ ನಿಂತರೆ ಫ್ರೆಟ್ ಗಾಡಿಯಿಂದ ಎದ್ದಿದೆ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ (ಫ್ರೆಟ್‌ಗಳನ್ನು ಕೂರಿಸಿದ ಹಲಗೆ) ಕುಗ್ಗಿದಾಗ ಹೀಗಾಗುವುದು ಸಾಮಾನ್ಯ. ನೆಕ್ ಅಡಿಗೆ ಮಡಚಿದ ಬಟ್ಟೆ ಕೊಟ್ಟು, ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕೂರುತ್ತದೆ. ಗಟ್ಟಿಯಾಗಿಯೇ ಇದ್ದು ಎತ್ತರವಾಗಿದ್ದರೆ ಅದನ್ನು ಸಮ ಮಾಡುವುದು ಕೈ ಪಳಗಿದವರ ಕೆಲಸ.

ಬೆರಳು ನೋಯುತ್ತದೆ ಅಂತ ತೆಳು ತಂತಿ ಹಾಕಿಸಿದೆ. ಅಂದಿನಿಂದ ಬಜ್.

12ರ ಸೆಟ್ ತೆಗೆದು 10ರ ಸೆಟ್ ಹಾಕಿದಿರಿ, ಅಲ್ವಾ? (ಈ ಸಂಖ್ಯೆ ಚಿಕ್ಕದಾದಷ್ಟೂ ತಂತಿ ತೆಳು.) ತೆಳು ತಂತಿ ನೆಕ್ ಅನ್ನು ಕಡಿಮೆ ಎಳೆಯುತ್ತದೆ. ಟ್ರಸ್ ರಾಡ್ ಮೊದಲಿನಷ್ಟೇ ಬಿಗಿಯಾಗಿದೆ. ಹಾಗಾಗಿ ನೆಕ್ ನೆಟ್ಟಗಾಯಿತು. ರಾಡ್ ಸ್ವಲ್ಪ ಸಡಿಲಿಸಿದರೆ ಸರಿಹೋಗುತ್ತದೆ. ಕಲಿಯುವ ಮಕ್ಕಳಿಗೆ 11ರ ಸೆಟ್ ಒಳ್ಳೆಯ ನಡುದಾರಿ.

ನಾನು ನುಡಿಸುವ ರೀತಿಯೇ ತಪ್ಪಿರಬಹುದಾ?

ಇರಬಹುದು, ಬೇಸರ ಮಾಡಿಕೊಳ್ಳಬೇಡಿ. ಬೆರಳು ಎರಡು ಫ್ರೆಟ್‌ಗಳ ನಟ್ಟನಡುವೆ ಇದ್ದರೆ ಬಜ್ ಬರಬಹುದು. ಫ್ರೆಟ್‌ನ ಹಿಂದೆಯೇ, ಅದಕ್ಕೆ ಅಂಟಿದಂತೆ ಒತ್ತಿದರೆ ಅರ್ಧ ಬಲ ಸಾಕು. ಬೇರೆ ಅನುಭವಸ್ಥರ ಕೈಗೆ ಗಿಟಾರ್ ಕೊಟ್ಟು ನೋಡಿ. ಅವರಿಗೂ ಬಜ್ ಬಂದರೆ ಗಿಟಾರಿನದ್ದೇ ತೊಂದರೆ.

ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಅಂತ ಅಲ್ಮೇರಾದಲ್ಲಿ ಬಲ್ಬ್ ಉರಿಸಿ ಇಟ್ಟಿದ್ದೇನೆ. ಸರೀನಾ?

ಬಟ್ಟೆಗೆ ಸರಿ, ಗಿಟಾರಿಗೆ ಅಲ್ಲ. ಬಲ್ಬಿನ ಪಕ್ಕದ ಮರ ಒಂದೇ ಬದಿಯಲ್ಲಿ ಒಣಗುತ್ತದೆ. ಅಲ್ಮೇರಾದಿಂದ ತೆಗೆದು ನುಡಿಸಿದರೆ ಗಂಟೆಗಟ್ಟಲೆ ತೇವ ಕುಡಿಯುತ್ತದೆ, ಮತ್ತೆ ಒಳಗಿಟ್ಟರೆ ಮತ್ತೆ ಒಣಗುತ್ತದೆ. ಈ ಏರಿಳಿತವೇ ಅಂಟು ಬಿಡಿಸುವುದು, ಹಲಗೆ ಸೀಳಿಸುವುದು. ಒಲೆಯ ಮೇಲಿನ ಅಟ್ಟದಲ್ಲಿಡುವುದು ಇನ್ನೂ ಕೆಟ್ಟದ್ದು.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಹೊರಗಿನ ಗೋಡೆಗಳು ತಿಂಗಳುಗಟ್ಟಲೆ ಒದ್ದೆ. ಅಂಥ ಗೋಡೆಗೆ ಗಿಟಾರ್ ನೇತು ಹಾಕಬೇಡಿ, ಒಳಗಿನ ಗೋಡೆಗೆ ಹಾಕಿ. ಎಲ್ಲಕ್ಕಿಂತ ಒಳ್ಳೆಯದು ಗಟ್ಟಿ ಕೇಸ್. ಒಳಗೆ ಸಿಲಿಕಾ ಜೆಲ್ ಚೀಲಗಳನ್ನಿಡಿ. ಬಣ್ಣ ಬದಲಿಸುವ ಬಗೆಯವನ್ನೇ ತನ್ನಿ, ತೇವ ಕುಡಿದು ಬಣ್ಣ ಬದಲಾದಾಗ ಹೊಸದನ್ನಿಡಿ. ವಾರಕ್ಕೊಂದೆರಡು ಸಲ ಹೊರಗೆ ತೆಗೆದು ನುಡಿಸಿ, ಒಣ ಬಟ್ಟೆಯಲ್ಲಿ ಒರೆಸಿ. ನುಡಿಸದೆ ಮೂಲೆಯಲ್ಲಿಟ್ಟ ಗಿಟಾರಿಗೇ ಮೊದಲು ಬೂಷ್ಟು ಹಿಡಿಯುವುದು.

ತೇವ ಅಳೆಯುವ ಮೀಟರ್ ಬೇಕೇ ಬೇಕಾ?

ನನ್ನ ಪ್ರಕಾರ ಬೇಕು. ಕ್ಯಾಪೋಗಿಂತ ಮೊದಲು ಕೊಳ್ಳಬೇಕಾದದ್ದು ಇದು. ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಸಾಕು. ಗಿಟಾರಿಗೆ 45ರಿಂದ 55 ಶೇಕಡಾ ಒಳ್ಳೆಯದು. ಜುಲೈನಲ್ಲಿ ನಮ್ಮ ಮನೆಗಳಲ್ಲಿ ಅದು 80 ದಾಟಿರುತ್ತದೆ, ಬೇಸಿಗೆಯ ಮಧ್ಯಾಹ್ನ ಬಿಸಿಲು ಬೀಳುವ ಕೋಣೆಯಲ್ಲಿ 40ರ ಕೆಳಗೂ ಇಳಿಯುವುದುಂಟು.

ಮೀಟರ್ ಸರಿಯಾಗಿದೆಯೇ ಎಂದು ನೋಡಲು ಒಂದು ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ. ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ನಿಮ್ಮ ಮೀಟರ್ 5 ಕಡಿಮೆ ಹೇಳುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಬೇಸಿಗೆಯಲ್ಲಿ ಒಣಗಿದ ಗಿಟಾರಿಗೆ ತೇವ ಕೊಡುವುದು ಹೇಗೆ?

ತೂತು ಮಾಡಿದ ಸೋಪ್ ಡಬ್ಬಿಯಲ್ಲಿ ಸ್ಪಂಜ್ ಇಡಿ. ಒದ್ದೆ ಮಾಡಿ, ನೀರು ತೊಟ್ಟಿಕ್ಕದಷ್ಟು ಹಿಂಡಿ. ಕೇಸಿನೊಳಗೆ ತಲೆಯ ಹತ್ತಿರ ಒಂದು, ಪೆಟ್ಟಿಗೆಯ ಹತ್ತಿರ ಒಂದು ಇಟ್ಟು ಕೇಸ್ ಮುಚ್ಚಿ. ಒಂದೆರಡು ವಾರದಲ್ಲಿ ಹಲಗೆ ಮೇಲೆ ಬರುತ್ತದೆ, ಬಹಳಷ್ಟು ಗಿಟಾರುಗಳಲ್ಲಿ ಬಜ್ ಕೂಡ ಹೋಗುತ್ತದೆ. ಯಾವ ಅರವೂ ಬೇಡ, ಯಾವ ಕೀಯೂ ಬೇಡ. ಬೇಸಿಗೆಯ ಬಜ್‌ಗೆ ನಾನು ಹೇಳುವ ಮೊದಲ ಮದ್ದು ಇದೇ.

ನೆಕ್‌ನ ಬದಿಯಲ್ಲಿ ಕೈ ಜಾರಿಸಿದಾಗ ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿದೆ ಅಂತ ಖಚಿತ. ಲೋಹ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ, ಅದಕ್ಕೇ ತುದಿ ಹೊರಗೆ ಬರುತ್ತದೆ.

ಫ್ರೆಟ್‌ಬೋರ್ಡ್‌ಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಬೇಡ. ಅದು ಹಳಸಿ ಅಂಟಾಗುತ್ತದೆ. ಅಂಗಡಿಯಲ್ಲಿ ಫ್ರೆಟ್‌ಬೋರ್ಡಿಗೆಂದೇ ಸಿಗುವ ಎಣ್ಣೆಯನ್ನು ವರ್ಷಕ್ಕೆ ಒಂದೆರಡು ಸಲ, ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಒರೆಸಿ, ತಕ್ಷಣ ಉಜ್ಜಿ ತೆಗೆಯಿರಿ. ಬಹಳಷ್ಟು ಗಿಟಾರುಗಳ ಫ್ರೆಟ್‌ಬೋರ್ಡ್ ನಮ್ಮ ಕಾಫಿ ತೋಟಗಳಲ್ಲಿ ನೆರಳು ಕೊಡುವ ಬೀಟೆ ಮರದ್ದೇ. ಅದರ ಬೆಲೆ ಕೊಡಗಿನವರಿಗೆ ಹೇಳಿಕೊಡಬೇಕಿಲ್ಲ.

ನಾವು ಕುಶಾಲನಗರದವರು. ಇದೆಲ್ಲ ನಮಗೂ ಅನ್ವಯಿಸುತ್ತದಾ?

ಮಳೆಗಾಲದ ಭಾಗ ಕಡಿಮೆ, ಬೇಸಿಗೆಯ ಭಾಗ ಜಾಸ್ತಿ. ನಿಮ್ಮಲ್ಲಿ ಮಳೆ ಮಡಿಕೇರಿಗಿಂತ ಬಹಳ ಕಡಿಮೆ. ಭಾಗಮಂಡಲದವರು ಇದಕ್ಕೆ ಪೂರ್ತಿ ವಿರುದ್ಧ. ಒಂದೇ ಜಿಲ್ಲೆಯಲ್ಲಿ ಗಿಟಾರ್ ಊರು ಬದಲಿಸಿದರೂ ಒಂದು ವಾರ ಕಾದು ಆಮೇಲೆ ಅಳೆಯಿರಿ.

ಪಾರ್ಸೆಲ್‌ನಲ್ಲಿ ಹೊಸ ಗಿಟಾರ್ ಬಂತು, ಮೊದಲ ದಿನವೇ ಬಜ್. ವಾಪಸ್ ಕಳಿಸಲೇ?

ವಾಪಸ್ ಮಾಡುವ ಗಡುವು ಎಷ್ಟು ದಿನ ಅಂತ ಮೊದಲು ನೋಡಿಕೊಳ್ಳಿ. ಅದರೊಳಗೆ ಗಿಟಾರಿಗೆ ಎಷ್ಟು ದಿನ ಸಿಗುತ್ತದೋ ಅಷ್ಟು ದಿನ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಿ. ಬಜ್ ವಿಡಿಯೋ ಮಾಡಿಟ್ಟುಕೊಳ್ಳಿ. ನೆಕ್ ತಿರುಚಿದ್ದರೆ, ಬ್ರಿಡ್ಜ್ ಎದ್ದಿದ್ದರೆ ಕಾಯಬೇಡಿ, ಕಳಿಸಿಬಿಡಿ.

ನೈಲಾನ್ ತಂತಿಯ ಗಿಟಾರಿಗೆ?

ಅಳತೆಗಳು ಬೇರೆ. ನೈಲಾನ್ ತಂತಿ ಅಗಲಕ್ಕೆ ನಡುಗುತ್ತದೆ, ಹಾಗಾಗಿ 12ನೇ ಫ್ರೆಟ್‌ನಲ್ಲಿ ದಪ್ಪ ತಂತಿಗೆ ಸುಮಾರು 4 ಮಿ.ಮೀ., ತೆಳು ತಂತಿಗೆ ಸುಮಾರು 3 ಮಿ.ಮೀ. ಇರಬೇಕು. ಹಲವದರಲ್ಲಿ ಟ್ರಸ್ ರಾಡ್ ಇರುವುದೇ ಇಲ್ಲ. ಸ್ಟೀಲ್ ತಂತಿಯನ್ನು ಮಾತ್ರ ಅದಕ್ಕೆ ಹಾಕಬೇಡಿ, ಎಳೆತ ತಡೆಯದೆ ಬ್ರಿಡ್ಜ್ ಕಿತ್ತು ಬರಬಹುದು.

ಸ್ವಲ್ಪ ಬಜ್ ಇದ್ದರೆ ಹಾಗೇ ಬಿಡಬಹುದಾ?

ಜೋರಾಗಿ ಹೊಡೆದಾಗ ಮಾತ್ರ ಬಂದು, ನಾಲ್ಕು ಅಡಿ ದೂರ ಕೂತವರಿಗೆ ಕೇಳದಿದ್ದರೆ ಬಿಡಿ. ಪೂರ್ತಿ ಬಜ್ ಇಲ್ಲದ ಗಿಟಾರ್ ಬೇಕೆಂದರೆ ತಂತಿಯನ್ನು ತುಂಬಾ ಎತ್ತರಿಸಬೇಕು, ಆಗ ಮಕ್ಕಳು ನುಡಿಸುವುದನ್ನೇ ಬಿಡುತ್ತಾರೆ.

ಯಾವಾಗ ರಿಪೇರಿಯವರ ಹತ್ತಿರ ಹೋಗಬೇಕು? ಹೋದಾಗ ಏನು ಹೇಳಬೇಕು?

ಹಲವು ಫ್ರೆಟ್‌ಗಳು ಸವೆದು ಗುಳಿ ಬಿದ್ದಿದ್ದರೆ, ಬ್ರಿಡ್ಜ್ ಹಿಂದೆ ಕಾಗದ ತೂರುವಷ್ಟು ಸಂದಿ ಇದ್ದರೆ, ಒಳಗಿನ ಪಟ್ಟಿ ಬಿಟ್ಟಿದ್ದರೆ, ಟ್ರಸ್ ರಾಡ್ ತಿರುಗದಿದ್ದರೆ ಹೋಗಿ. ಇಂಥ ಕೆಲಸಕ್ಕೆ ನಮ್ಮವರು ಸಾಮಾನ್ಯವಾಗಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗುತ್ತಾರೆ. ಕೊಡಗಿಗೆ ರೈಲು ಇಲ್ಲ, ಬಸ್ಸಿನಲ್ಲೋ ಕಾರಿನಲ್ಲೋ ಒಯ್ಯಬೇಕು. ಬಸ್ಸಾದರೆ ಕಾಲ ಬಳಿ ಇಟ್ಟುಕೊಳ್ಳಿ, ಡಿಕ್ಕಿಗೆ ಹಾಕಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಆ ಒಂದು ಗಂಟೆಯಲ್ಲಿ ಅಂಟು ಸಡಿಲವಾಗಬಹುದು.

ಹೋದಾಗ ಸುಮ್ನೆ ಬಜ್ ಬರುತ್ತದೆ ಅನ್ನಬೇಡಿ. ಯಾವ ತಂತಿ, ಯಾವ ಫ್ರೆಟ್, ಯಾವ ತಿಂಗಳಲ್ಲಿ ಶುರುವಾಯಿತು ಅಂತ ಬರೆದ ಕಾಗದವನ್ನೂ ಆಗಸ್ಟ್-ಫೆಬ್ರವರಿಯ ಅಳತೆಗಳನ್ನೂ ಕೊಡಿ. ಗಿಟಾರ್ ಕೊಡಗಿನಲ್ಲಿ ಇರುತ್ತದೆ, ಮಳೆಗಾಲದಲ್ಲಿ ತಂತಿ ಏರುತ್ತದೆ ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಅವರು ತಮ್ಮ ಊರಿನ ಹವೆಗೆ ಸರಿಯಾಗಿ ಸೆಟಪ್ ಮಾಡಿಕೊಡುತ್ತಾರೆ. ಕಳಚಿದ ಹಳೇ ಸ್ಯಾಡಲ್ ಮತ್ತು ನಟ್ ವಾಪಸ್ ಕೇಳಿ ತನ್ನಿ.